ತಾರಸಿಯ ಮೇಲಿನ ಜೀವಗೋಷ್ಠಿ

ಆಷಾಢದ ಗಾಳಿಯ ಅಬ್ಬರ ಇನ್ನೂ ಪೂರ್ತಿಯಾಗಿ ಇಳಿಯದಿದ್ದ ಒಂದು ಸಂಜೆ, ಬಸವೇಶ್ವರನಗರದ ಹಾವನೂರು ವೃತ್ತಕ್ಕೆ ಅನತಿದೂರದ ಮನೆಯೊಂದರಿಂದ ನನಗೆ ಕರೆ ಬಂದಿತು. "ಮೊಗ್ಗು ಕತ್ತು ಎತ್ತಿದೆ, ಇವತ್ತು ರಾತ್ರಿ ಬಿಡುತ್ತೆ, ಊಟ ಮುಗಿಸಿಕೊಂಡು ಬನ್ನಿ" ಎಂಬಷ್ಟೇ ಮಾತು. ಯಾವ ಮೊಗ್ಗೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಹಳೆಯ ಬೀದಿಗಳಲ್ಲಿ ಆ ಋತುವಿನಲ್ಲಿ ಇಂತಹ ಕರೆ ಬಂದರೆ ಅದು ಬ್ರಹ್ಮಕಮಲಕ್ಕಲ್ಲದೆ ಮತ್ತಾವುದಕ್ಕೂ ಅಲ್ಲವೆಂಬುದು ಸರ್ವವಿದಿತವಾದ ಸಂಗತಿ. ಹೂವನ್ನು ನೋಡಲೆಂದು ಹೋದ ನಾನು ಆ ರಾತ್ರಿ ಅಲ್ಲಿ ಕೇಳಿದ ಮಾತುಗಳ ಸಂಭ್ರಮದಿಂದ ಇಂದಿಗೂ ಬಿಡುಗಡೆ ಹೊಂದಿಲ್ಲ.

ಆ ಮನೆಯ ಯಜಮಾನರು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಯಂತ್ರಾಗಾರವೊಂದರಲ್ಲಿ ಲೇತು ನಡೆಸಿ ನಿವೃತ್ತರಾದವರು. ಲೋಹವನ್ನು ಕೂದಲೆಳೆಯ ಅಂತರದಲ್ಲಿ ಅಳೆದು ಕಡೆದ ಕೈಯ ಅಭ್ಯಾಸವು ಮಣ್ಣಿನ ಕುಂಡಗಳ ಮುಂದೆ ಕುಳಿತಾಗಲೂ ಅವರನ್ನು ಬಿಟ್ಟಿಲ್ಲವಾದುದರಿಂದ, ಮೊಗ್ಗು ಕಣ್ಣಿಗೆ ಬಿದ್ದ ದಿನದಿಂದ ಅರಳುವ ದಿನದವರೆಗೆ ಅದರ ಬೆಳವಣಿಗೆಯನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು, ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕವೊಂದರಲ್ಲಿ ಅವರು ಬರೆದಿಡುತ್ತಾರೆ. ಮೊದಮೊದಲು ಇದೆಯೋ ಇಲ್ಲವೋ ಎಂಬಂತೆ ಮೆಲ್ಲನೆ ಬೆಳೆಯುವ ಮೊಗ್ಗು ಕಡೆಯ ವಾರದಲ್ಲಿ ದಾಪುಗಾಲಿಡುವುದನ್ನೂ, ಅಷ್ಟು ದಿನ ತಲೆ ತಗ್ಗಿಸಿ ಜೋತಾಡುತ್ತಿದ್ದ ಅದರ ನೀಳವಾದ ತೊಟ್ಟು ಅಂಕುಶದಂತೆ ಬಾಗಿ ಮುಖವನ್ನು ಮೇಲಕ್ಕೆತ್ತುವುದನ್ನೂ ಆ ಪುಸ್ತಕದ ಅಂಕಣಗಳಲ್ಲಿ ನಾನು ಕಣ್ಣಾರೆ ಓದಿದೆನು. "ಕತ್ತು ಎತ್ತಿದೆ" ಎಂಬ ಅವರ ಮಾತು ಹಲವು ವರ್ಷಗಳ ಅಳತೆಯಿಂದ ಇಳಿದುಬಂದ ನಿರ್ಣಯವೆಂಬುದು ಆಗ ನನಗೆ ಮನದಟ್ಟಾಯಿತು.

ಎಂಟು ಗಂಟೆಯ ಹೊತ್ತಿಗೆ ಮೊಗ್ಗಿನ ತುದಿ ಸಡಿಲಗೊಂಡಿತು. ಒಂಬತ್ತರ ಸುಮಾರಿಗೆ ಹೊರಸುತ್ತಿನ ನಸುಗೆಂಪು ಎಸಳುಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಆಮೇಲೆ ಗಾಳಿಯಿಲ್ಲದ ಘಳಿಗೆಯಲ್ಲಿಯೂ ಹೂವು ತಾನಾಗಿ ಒಮ್ಮೊಮ್ಮೆ ಕಂಪಿಸುವುದನ್ನು ನೆರೆದವರೆಲ್ಲರೂ ಉಸಿರು ಬಿಗಿಹಿಡಿದು ನೋಡಿದೆವು. ಹನ್ನೊಂದು ಗಂಟೆಗೆ ಅದು ಅಂಗೈಯಗಲ ತೆರೆದು, ಒಳಗೆ ಹಾಸಿದಂತಿದ್ದ ಅಸಂಖ್ಯ ಕೇಸರಗಳ ನಡುವಿನಿಂದ ಹಲವು ಕವಲುಗಳ ಶ್ವೇತತಾರೆಯಂತಹ ಶಲಾಕಾಗ್ರವು ಮುಂಚಾಚಿದಾಗ, ಆ ಮನೆಯ ಗೃಹಿಣಿಯು ಅದರಲ್ಲಿ ಅನಂತಶಯನನನ್ನು ಕಂಡು ಕುಂಕುಮವಿಟ್ಟು ಆರತಿಯೆತ್ತಿದರು. ಇಷ್ಟೆಲ್ಲ ವೈಭವವೂ ಅರುಣೋದಯಕ್ಕೆ ಮೊದಲೇ ಬಾಡಿ ಜೋತುಬೀಳತಕ್ಕದ್ದು.

ಹಿಮಾಲಯದ ಬ್ರಹ್ಮಕಮಲವು ಬೇರೊಂದು ಸಸ್ಯವೆಂಬುದನ್ನು ವಾಚಕರು ಬಲ್ಲರು. ನಮ್ಮ ತಾರಸಿಗಳ ಈ ಗಿಡ ಮೆಕ್ಸಿಕೋ ಹಾಗೂ ಮಧ್ಯ ಅಮೆರಿಕಾದ ಅರಣ್ಯಗಳದು. ಪಾಪಸುಕಳ್ಳಿಯ ಕುಟುಂಬಕ್ಕೆ ಸೇರಿದ್ದರೂ ಮರುಭೂಮಿಯದಲ್ಲ, ಹೆಮ್ಮರಗಳ ಕವಲಿನಲ್ಲಿ ಬೇರೂರಿ ಎಲೆಗಳ ನಡುವೆ ಸೋಸಿಬರುವ ಬೆಳಕನ್ನು ಕುಡಿದು ಬಾಳತಕ್ಕದ್ದು. ಆದುದರಿಂದಲೇ ಬಿರುಬಿಸಿಲಿಗಿಟ್ಟರೆ ಅದು ಹಳದಿಗೆ ತಿರುಗುತ್ತದೆ, ಜಿಗುಟು ಮಣ್ಣಿನಲ್ಲಿ ನೆಟ್ಟು ದಿನವೂ ನೀರೆರೆದರೆ ಬೇರು ಕೊಳೆಯುತ್ತದೆ, ತೆಂಗಿನ ನಾರಿನ ಪುಡಿ ಬೆರೆಸಿದ ಸಡಿಲವಾದ ಮಿಶ್ರಣದಲ್ಲಿ ಅರೆನೆರಳಿನಲ್ಲಿಟ್ಟರೆ ಸುಖವಾಗಿ ಬೆಳೆಯುತ್ತದೆ. ನಾವು ಎಲೆಯೆಂದು ತಿಳಿದಿರುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದರ ಅಂಚಿನ ಕಚ್ಚುಗಳಿಂದಲೇ ಮೊಗ್ಗು ಹೊರಡುವುದು. ನೀಳವಾದ ಹೀರುಗೊಳವೆಯುಳ್ಳ ನಿಶಾಚರ ಪತಂಗಗಳನ್ನು ಕರೆಯಬೇಕಾಗಿರುವುದರಿಂದ ಅದರ ಬಿಳುಪು, ಅದರ ಪರಿಮಳ, ಅದರ ಅಕಾಲದ ಅರಳುವಿಕೆ. ಆ ಕುಟುಂಬದ ಬಹುತೇಕ ಸಸ್ಯಗಳಂತೆ ಇದೂ ಹಗಲಿನಲ್ಲಿ ತನ್ನ ಸೂಕ್ಷ್ಮರಂಧ್ರಗಳನ್ನು ಮುಚ್ಚಿ ನೀರನ್ನುಳಿಸಿಕೊಂಡು, ರಾತ್ರಿಯಲ್ಲಿ ಅವನ್ನು ತೆರೆದು ಇಂಗಾಲಾಮ್ಲವನ್ನು ಒಳಗೆಳೆದುಕೊಳ್ಳುತ್ತದೆ. ಹೀಗೆ ಅದರ ಉಸಿರಾಟಕ್ಕೂ ಹೂವಿಗೂ ಇರುಳೇ ಕಾಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದದ್ದು ಆ ಲೆಕ್ಕದ ಪುಸ್ತಕದ ಕೊನೆಯ ಪುಟಗಳು. ಯಜಮಾನರ ತಾಯಿಯವರು ಮಲ್ಲೇಶ್ವರದ ಪರಿಚಿತರ ಮನೆಯಿಂದ ಒದ್ದೆಬಟ್ಟೆಯಲ್ಲಿ ಸುತ್ತಿ ತಂದ ತುಂಡೊಂದರಿಂದ ಬೆಳೆದ ಆ ಗಿಡದಿಂದ ಯಾರು ಯಾರು ಒಂದೊಂದು "ಎಲೆ" ಕೇಳಿ ಪಡೆದರು, ಅವರಿಂದ ಮತ್ತಾರ ಮನೆಗೆ ಅದು ಹೋಯಿತು ಎಂಬ ವಂಶಾವಳಿಯನ್ನು ಅಲ್ಲಿ ಬರೆದಿಟ್ಟಿದ್ದಾರೆ: ಕಾಮಾಕ್ಷಿಪಾಳ್ಯ, ಅತ್ತಿಗುಪ್ಪೆ, ಮಹಾಲಕ್ಷ್ಮೀ ಬಡಾವಣೆ, ಕೆಂಗೇರಿ ಉಪನಗರ. ವಂಶಾವಳಿಯೆಂದರೂ ಅದರಲ್ಲಿ ತಾಯಿ ಮಕ್ಕಳೆಂಬ ಭೇದವಿಲ್ಲ. ಬೀಜದಿಂದ ಹುಟ್ಟಿದ ಗಿಡ ಬೇರೊಂದು ವ್ಯಕ್ತಿ, ತುಂಡಿನಿಂದ ಚಿಗುರಿದ ಗಿಡವಾದರೋ ಅದೇ ವ್ಯಕ್ತಿಯ ಮುಂದುವರಿಕೆ. ಒಂದೇ ಗಿಡವು ಪಶ್ಚಿಮ ಬೆಂಗಳೂರಿನ ಅಷ್ಟು ಮನೆಗಳಲ್ಲಿ ಏಕಕಾಲದಲ್ಲಿ ಬದುಕಿದೆಯೆಂದರೆ ಶಾಸ್ತ್ರಕ್ಕೆ ವಿರೋಧವಾಗದು. ಈ ಎಲ್ಲ ಮನೆಗಳಲ್ಲಿಯೂ ಹೂವು ಒಂದೇ ರಾತ್ರಿ ಅರಳುತ್ತದೆಂದು ಅಲ್ಲಿದ್ದ ಕೆಲವರು ದೃಢವಾಗಿ ಹೇಳಿದರು. ಅದನ್ನು ಪವಾಡವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದೇ ಮಳೆ, ಒಂದೇ ತಂಪು, ಒಂದೇ ಪ್ರಕೃತಿಯ ಗಿಡ ಸೇರಿದಲ್ಲಿ ಮೊಗ್ಗುಗಳು ಹತ್ತಿರ ಹತ್ತಿರದ ದಿನಗಳಲ್ಲಿ ಪಕ್ವವಾಗುವುದು ಸಹಜ. ಆದರೆ ಆ ಸಹಜವು ಪವಾಡಕ್ಕಿಂತ ಎಷ್ಟೋ ಮನೋಹರವಾದುದೆಂದು ನಾನು ನಂಬಿದ್ದೇನೆ.

ಹೂವು ಅರಳುವ ತನಕ ಮೂರು ಗಂಟೆಗಳ ಕಾಲ ಕಾಯಬೇಕಾದ ಜನ ಸುಮ್ಮನೆ ಕುಳಿತಾರೆ? ವಿಜಯನಗರದಿಂದ ಬಂದ ಮಾರ್ಜಾಲಪ್ರಿಯೆಯೊಬ್ಬರು, ಜ್ಞಾನಭಾರತಿಯಲ್ಲಿ ಓದುವ ಪಕ್ಷಿವೀಕ್ಷಕ ತರುಣ, ಕೆಂಗೇರಿಯ ಕಡೆ ಮನೆಗಳಿಗೆ ನುಗ್ಗಿದ ಹಾವುಗಳನ್ನು ಹಿಡಿದು ಬಿಡುವ ಮತ್ತೊಬ್ಬ ತರುಣ, ಅಡಿಗೆಮನೆಯ ಕಿಟಕಿಯಲ್ಲಿ ಜರೀಗಿಡಗಳನ್ನು ಬೆಳೆಸುವ ವೃದ್ಧೆ, ಇವರೆಲ್ಲ ಚಾಪೆಯ ಮೇಲೆ ಕುಳಿತು ಆಡಿದ ಮಾತಿಗೆ ಕಾರ್ಯಸೂಚಿಯಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಕೇರೆಹಾವು ನಾಗರದೊಡನೆ ಕೂಡುತ್ತದೆಂಬ ಹಳೆಯ ನಂಬಿಕೆಯನ್ನು ಒಬ್ಬರು ಎತ್ತಿದರು. ಹೆಣೆದುಕೊಂಡು ಮೇಲೇಳುವ ಆ ಎರಡೂ ಬಹುತೇಕ ಗಂಡು ಕೇರೆಗಳೇ ಎಂದೂ, ಜನ ಸರಸವೆಂದು ಭಾವಿಸುವುದು ವಾಸ್ತವವಾಗಿ ಬಲಪ್ರದರ್ಶನದ ಮಲ್ಲಯುದ್ಧವೆಂದೂ ಕೆಂಗೇರಿಯ ತರುಣ ತಾಳ್ಮೆಯಿಂದ ವಿವರಿಸಿದನು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿಹಕ್ಕಿ ತೊರೆಯುತ್ತದೆಂಬ ಮಾತು ಬಂದಾಗ, ಅದು ನಿಜವಲ್ಲವೆಂದೂ, ಗೂಡಿನಿಂದ ಬಿದ್ದ ಮರಿಯನ್ನು ಗೂಡಿಗೆ ಮರಳಿಸುವುದೇ ಉತ್ತಮವೆಂದೂ, ರೆಕ್ಕೆ ಮೂಡಿದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಬಹುಪಾಲು ಅದರ ತಾಯ್ತಂದೆಗಳು ಸಮೀಪದಲ್ಲಿಯೇ ಇರುತ್ತವೆಂದೂ ಪಕ್ಷಿವೀಕ್ಷಕನು ತಿಳಿಸಿದನು.

ಅಷ್ಟರಲ್ಲಿ ವೃದ್ಧೆಯು ಟಾರ್ಚಿನ ಬೆಳಕನ್ನು ಅಂಗೈಯಿಂದ ಅರೆಮರೆಮಾಡಿ, ಮೆಟ್ಟಿಲಿನ ಪಕ್ಕದಲ್ಲಿ ಬಟ್ಟೆ ಒಣಹಾಕುವ ತಂತಿಯ ತುದಿಗೆ ಜೋತಿದ್ದ ಸೂರಕ್ಕಿಯ ಗೂಡೊಂದನ್ನು ನನಗೆ ದೂರದಿಂದ ತೋರಿಸಿದರು. ಜೇಡರಬಲೆಯ ಎಳೆಯಿಂದ ಹೊಲಿದು, ತೊಗಟೆಯ ಚೂರು, ಒಣಗಿದ ಹೂವಿನ ಎಸಳು, ಕಂಬಳಿಹುಳುವಿನ ಹಿಕ್ಕೆಗಳನ್ನು ಹೊರಮೈಗೆ ಅಂಟಿಸಿ, ಪಾರ್ಶ್ವದ ದ್ವಾರಕ್ಕೆ ಮಳೆ ತಾಗದಂತೆ ಪುಟ್ಟ ಸೂರನ್ನೂ ಇಳಿಸಿದ ಆ ಚೀಲವನ್ನು ಕಸವೆಂದು ಗುಡಿಸಿಬಿಡುವುದು ಅತಿ ಸುಲಭ. ಮರಿಗಳು ಹಾರಿಹೋಗುವವರೆಗೆ ಆ ಮನೆಯವರು ತಂತಿಗೆ ಬಟ್ಟೆ ಹಾಕದೆ ಕೊಠಡಿಯೊಳಗೆ ಹಗ್ಗ ಕಟ್ಟಿಕೊಂಡಿದ್ದರು. ಜೀವದಯೆಯ ಮೇಲಿನ ಎಷ್ಟೋ ಉಪನ್ಯಾಸಗಳಿಗಿಂತ ಆ ಬರಿದಾದ ತಂತಿಯು ನನಗೆ ಹೆಚ್ಚಿನದನ್ನು ಬೋಧಿಸಿತು.

ಇಂತಹ ಗೋಷ್ಠಿಗಳ ಹಿಂದೆ ಈ ನಗರದ ದೀರ್ಘವಾದ ಸಂಸ್ಕಾರವಿದೆ. 1760ರಲ್ಲಿ ಹೈದರಾಲಿಯು ಆರಂಭಿಸಿದ ಲಾಲ್‌ಬಾಗು, 1908ರಲ್ಲಿ ಬರೋಡೆಯಿಂದ ಇಲ್ಲಿಗೆ ಬಂದ ಉದ್ಯಾನತಜ್ಞ ಕ್ರುಂಬಿಗಲ್ಲರ ದೃಷ್ಟಿ, ತೋಟಗಾರಿಕೆಯಲ್ಲಿ ಮರೀಗೌಡರ ಕರ್ತೃತ್ವ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ನಡೆಯುವ ಫಲಪುಷ್ಪ ಪ್ರದರ್ಶನ, ಇವು ಗಿಡದ ಹುಚ್ಚನ್ನು ಮನೆಮನೆಗೆ ಹಂಚಿದವು. 1970ರ ದಶಕದಲ್ಲಿ ಜೋಸೆಫ್ ಜಾರ್ಜರು ಮೊದಲಾದವರು ಕಟ್ಟಿದ ಪಕ್ಷಿವೀಕ್ಷಕರ ಕೂಟವು ತಿಂಗಳಿನ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ವಾಡಿಕೆಯನ್ನು ಹಾಕಿಕೊಟ್ಟಿತು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದಾಗ, ವಿದ್ಯಾರ್ಥಿಗಳೊಡನೆ ಕಾಡು ಸುತ್ತುತ್ತ ಆಡಿದ ಮಾತೂ ಶ್ರೇಷ್ಠ ಸಾಹಿತ್ಯವೆಂದು ದೇಶವೇ ಒಪ್ಪಿದಂತಾಯಿತು.

ಸಾಕುಪ್ರಾಣಿ, ಕಾಡುಪ್ರಾಣಿ, ಮನೆಗಿಡಗಳ ಪ್ರೇಮ ಒಂದೇ ಚಾಪೆಯ ಮೇಲೆ ಕುಳಿತರೂ ಅವುಗಳ ಧರ್ಮ ಒಂದೇ ಅಲ್ಲ. ಗಿಡವನ್ನು ತುಂಡರಿಸಿ ಹಂಚಿದಷ್ಟೂ ಅದು ಬೆಳೆಯುತ್ತದೆ. ನಾಯಿ ಬೆಕ್ಕುಗಳು ಸಹಸ್ರಾರು ವರ್ಷಗಳಿಂದ ಮನುಷ್ಯನ ಹೊಸ್ತಿಲಿಗೆ ಒಗ್ಗಿರುವುದರಿಂದ ಸಹವಾಸವನ್ನು ಬೇಡುತ್ತವೆ. ಕಾಡಿನ ಜೀವವಾದರೋ ನಮ್ಮಿಂದ ದೂರವನ್ನೇ ಬೇಡುತ್ತದೆ. ಈ ಮೂರರ ವಿವೇಕವನ್ನು ಕಲಿಸುವ ಪಾಠಶಾಲೆಯೆಂದರೆ ಬಲ್ಲವರ ಬಿಡುವಿನ ಮಾತುಕತೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ರಾತ್ರಿ ನೆರೆಮನೆಯ ಹಿರಿಯರೊಬ್ಬರು ತಮ್ಮ ಪಂಜರದ ಗಿಳಿಯನ್ನು ಕೊಂಡಾಡುತ್ತ, "ಮನೆಮಗುವಿನ ಹಾಗೆ ಸಾಕಿದ್ದೇನೆ, ಬಾಗಿಲು ತೆಗೆದರೂ ಹೋಗುವುದಿಲ್ಲ" ಎಂದರು. ಅವರ ಪ್ರೀತಿ ಕೃತಕವಾಗಿರಲಿಲ್ಲ. ಆದರೆ ನಮ್ಮ ದೇಶದ ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೊಳಪಟ್ಟಿದ್ದು, ಅದನ್ನು ಪಂಜರದಲ್ಲಿಡುವುದು ಅಪರಾಧ. ವಿಜಯನಗರದ ಮಹಿಳೆಯು ಕಾನೂನಿನ ಮಾತೆತ್ತದೆ, "ಹಾರುವುದಕ್ಕೆ ಗರಿ ಇದೆಯೇ ನೋಡಿದಿರಾ?" ಎಂದು ಮೃದುವಾಗಿ ಕೇಳಿದರು. ಕತ್ತರಿಸಿದ ಹಾರುಗರಿ ಕೂಡಲೇ ಬೆಳೆಯುವುದಿಲ್ಲ. ಹಳೆಯ ಗರಿಯ ಬುಡ ಉದುರಿ ಹೊಸದು ಮೂಡುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಬಾಗಿಲು ತೆಗೆದರೂ ಹೋಗದ ಗಿಳಿಯು ಅನುರಾಗದಿಂದ ನಿಂತಿದೆಯೆನ್ನುವುದಕ್ಕಿಂತ ಅಸಹಾಯಕತೆಯಿಂದ ನಿಂತಿರುವ ಸಂಭವವೇ ಹೆಚ್ಚು. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ "ಹಾಗಾದರೆ ಎಲ್ಲಿಗೆ ಒಯ್ಯಬೇಕು?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಪಶ್ಚಿಮ ಬೆಂಗಳೂರಿನಲ್ಲಿಯೇ ಇದೆ. ಕೆಂಗೇರಿಯಲ್ಲಿ, ಉತ್ತರಹಳ್ಳಿಯ ಹಾದಿಯಲ್ಲಿ, 1996ರಲ್ಲಿ ಸ್ಥಾಪಿತವಾದ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ನಗರದಲ್ಲಿ ಗಾಯಗೊಂಡ ಹದ್ದು, ಹಾವು, ಮಂಗ, ಬಾವಲಿಗಳಿಗೆ ಚಿಕಿತ್ಸೆ ನೀಡಿ, ಸಾಧ್ಯವಾದವನ್ನು ಮರಳಿ ನಿಸರ್ಗಕ್ಕೆ ಬಿಡುವುದು ಅದರ ವ್ರತ. ಅಗಲಿದ ಸಾಕುಪ್ರಾಣಿಗಳ ಸಮಾಧಿಸ್ಥಳವೂ ಆ ಆವರಣದಲ್ಲಿದೆ. ಆಷಾಢದಲ್ಲಿ ಮಕ್ಕಳು ಗಾಳಿಪಟವೇರಿಸುವಾಗ ಗಾಜಿನ ಪುಡಿ ಸವರಿದ ನೈಲಾನ್ ಮಾಂಜಾ ದಾರವು ಹದ್ದಿನ ರೆಕ್ಕೆಯ ಮುಂದಿನ ಅಂಚಿನ ಚರ್ಮಪೊರೆಯನ್ನೂ ಸ್ನಾಯುವನ್ನೂ ಕೊಯ್ದುಬಿಡುತ್ತದೆ. ರಾಷ್ಟ್ರೀಯ ಹಸುರು ನ್ಯಾಯಮಂಡಳಿಯು 2017ರಲ್ಲಿ ಅಂತಹ ದಾರವನ್ನು ನಿಷೇಧಿಸಿದ್ದರೂ ಮರದ ಕೊಂಬೆಗಳಲ್ಲಿ ಅದಿನ್ನೂ ನೇತಾಡುತ್ತಿದೆ. ಹಾಗೆ ಬಿದ್ದ ಹಕ್ಕಿಯನ್ನು ಕಂಡವರು ದಪ್ಪ ಬಟ್ಟೆಯನ್ನು ಹೊದಿಸಿ ಎತ್ತಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿರಿಸಿ, ಕೊಕ್ಕಿಗೆ ನೀರು ಸುರಿಯುವ ಆತುರವನ್ನು ತಡೆದುಕೊಂಡು, ಬೇಗನೆ ಬಲ್ಲವರಿಗೆ ಒಪ್ಪಿಸಬೇಕು. ಈ ನಾಲ್ಕು ವಿಧಿಗಳೂ ನನಗೆ ದೊರೆತದ್ದು ಆ ತಾರಸಿಯ ಚಾಪೆಯ ಮೇಲೆ.

ಇಂತಹ ಮಾತು ತಾರಸಿಯಲ್ಲಿಯೇ ಮುಗಿದುಹೋಗುವುದಿಲ್ಲವೆಂಬುದಕ್ಕೆ ನಗರದಂಚಿನ ತುರಹಳ್ಳಿಯ ಕಾಡೇ ಸಾಕ್ಷಿ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯ ಸುದ್ದಿ ಬಂದಾಗ, ಅದುವರೆಗೆ ಬೆಳಗಿನ ಹೊತ್ತು ಹಕ್ಕಿ ಚಿಟ್ಟೆಗಳ ಮಾತಾಡುತ್ತ ನಡೆದಾಡುತ್ತಿದ್ದವರು, ಸೈಕಲ್ಲೇರಿ ಬರುತ್ತಿದ್ದವರು, ಸುತ್ತಲ ನಿವಾಸಿಗಳು ಒಂದಾಗಿ, ಕಾಡು ಕಾಡಾಗಿಯೇ ಇರಲಿ ಎಂದು ನಿಂತರು. ಒಂದು ಬಂಡೆಯ ಮೇಲೆ ಯಾವ ಹಕ್ಕಿ ಕೂಡುತ್ತದೆಂದು ವರ್ಷಗಟ್ಟಲೆ ಮಾತಾಡಿದವರಿಗೆ ಆ ಬಂಡೆಯ ಬೆಲೆ ಬೇರೆಯವರು ಹೇಳಿ ತಿಳಿಯಬೇಕಾಗಿರಲಿಲ್ಲ.

ಕಾಯಿದೆಯು ಅಪರಾಧಿಯನ್ನು ದಂಡಿಸಬಲ್ಲುದು, ಆಸ್ಪತ್ರೆಯು ಗಾಯವನ್ನು ಹೊಲಿಯಬಲ್ಲುದು. ಆದರೆ ಪಕ್ಕದ ಮನೆಯ ಪಂಜರದ ಮುಂದೆ ನಿಂತು, ಸ್ನೇಹವೂ ಕೆಡದಂತೆ ಸತ್ಯವೂ ಮರೆಯಾಗದಂತೆ ಮಾತಾಡುವ ಕೆಲಸವನ್ನು ನೆರೆಯವನಲ್ಲದೆ ಮತ್ತಾರೂ ಮಾಡಲಾರರು. ಅರಿತವರು ಆ ಮಾತನ್ನು ತಮ್ಮ ಪಂಗಡದೊಳಗೆ ಮಾತ್ರ ಆಡಿ ಸಂತೋಷಪಟ್ಟರೆ ಸಾಲದು. ಗಿಳಿ ಸಾಕಿದವರನ್ನೂ, ಮಾಂಜಾ ಕೊಂಡುತಂದ ಬಾಲಕನನ್ನೂ, ಗೂಡನ್ನು ಕಸವೆಂದು ಗುಡಿಸುವವರನ್ನೂ ಅದೇ ಚಾಪೆಗೆ ಕರೆದು ಕೂರಿಸಿಕೊಳ್ಳಬೇಕು. ಆ ಹಿರಿಯರಿಗೆ ಪಂಜರವನ್ನು ತೆರೆಯುವ ಮನಸ್ಸಾದದ್ದು ದಂಡದ ಭಯದಿಂದಲ್ಲ, ಒಂದು ಹೂವಿನ ನೆಪದಲ್ಲಿ ತಮ್ಮನ್ನೂ ಆದರದಿಂದ ಕರೆದಿದ್ದರೆಂಬುದರಿಂದ.