ತಿಂಗಳ ಪುಟ, ಇಪ್ಪತ್ತೊಂದು ದಿನ ಮತ್ತು ರೂಢಿಯ ನಿಜವಾದ ಲೆಕ್ಕ

ಕಾಗದದ ಪ್ಲಾನರ್‌ನಲ್ಲಿ ತಿಂಗಳ ಮೊದಲ ದಿನ ಗುರಿಗಳನ್ನು ಬರೆದು, ಪ್ರತಿ ಗುರಿಯ ಎದುರಿಗೆ ಮೂವತ್ತೊಂದು ಚೌಕಗಳ ಸಾಲು ಎಳೆದು, ಇಪ್ಪತ್ತೊಂದು ದಿನ ಬಿಡದೆ ಗುರುತು ಹಾಕಿದರೆ ರೂಢಿ ತಾನಾಗಿ ಬೇರೂರುತ್ತದೆ ಎಂಬ ನಂಬಿಕೆ ಬೆಂಗಳೂರು, ಕೊಚ್ಚಿಯಂಥ ನಗರಗಳ ಓದುಗರಲ್ಲಿ ಬಲವಾಗಿದೆ. ಒಂದು ಸನ್ನಿವೇಶ ಎದುರಾದೊಡನೆ ಹೆಚ್ಚು ಯೋಚಿಸದೆ ನಡೆದುಹೋಗುವ ಕ್ರಿಯೆಯೇ ರೂಢಿ. ಅದು ಎಷ್ಟು ದಿನಕ್ಕೆ ಕೈಗೂಡುತ್ತದೆ ಎಂಬುದಕ್ಕೆ ಇಪ್ಪತ್ತೊಂದು ಎಂಬ ಸಂಖ್ಯೆ ಉತ್ತರವಾಗಿ ಬಂದದ್ದು ಯಾವ ಪ್ರಯೋಗದಿಂದಲೂ ಅಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಹೊರತಂದ ಪುಸ್ತಕವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದವರು ತಮ್ಮ ಬದಲಾದ ರೂಪಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಇಪ್ಪತ್ತೊಂದು ದಿನ ಬೇಕಾಗುವುದನ್ನು ಕಂಡದ್ದಾಗಿ ಬರೆದರು. ಮುಂದೆ ಜನರ ಬಾಯಲ್ಲಿ ‘ಕನಿಷ್ಠ’ ಎಂಬ ಮಾತು ಉದುರಿಹೋಗಿ ಸಂಖ್ಯೆಯಷ್ಟೇ ಉಳಿಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೂಢಿ ಬೇರೂರಲು ಹಿಡಿಯುವ ಅವಧಿಯ ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಬೆಲೆ, 66 ದಿನಗಳಾಗಿತ್ತು; ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗಬಹುದೆಂದು ಲೆಕ್ಕ ತೋರಿಸಿತು. ಊಟದ ಜೊತೆ ನೀರು ಕುಡಿಯುವಂಥ ಸುಲಭದ ಕ್ರಿಯೆ ಬೇಗ ಒಗ್ಗುತ್ತದೆ, ವ್ಯಾಯಾಮ ತಡವಾಗುತ್ತದೆ.

ಎರಡನೆಯ ತಪ್ಪು ಕಲ್ಪನೆಗೆ ವಿಶ್ವವಿದ್ಯಾಲಯವೊಂದರ ಹೆಸರಿನ ಬೆಂಬಲವಿದೆ. ಯೇಲ್ ವಿಶ್ವವಿದ್ಯಾಲಯದ 1953ರ ಪದವೀಧರರಲ್ಲಿ ಗುರಿಗಳನ್ನು ಬರೆದಿಟ್ಟ ಶೇ. 3ರಷ್ಟು ಮಂದಿ ಇಪ್ಪತ್ತು ವರ್ಷಗಳ ಬಳಿಕ ಉಳಿದ ಶೇ. 97ರಷ್ಟು ಮಂದಿಯ ಒಟ್ಟು ಸಂಪತ್ತನ್ನೂ ಮೀರಿಸಿದರು ಎಂಬ ಕಥೆ ಪ್ರೇರಣಾ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆಯಾದರೂ ಅಂಥ ಸಮೀಕ್ಷೆ ನಡೆದೇ ಇಲ್ಲ. ಈ ಕಟ್ಟುಕಥೆಯ ಹಾನಿ ಸಣ್ಣದಲ್ಲ: ಬರೆದದ್ದೇ ಸಾಧನೆಯೆಂದು ನಂಬಿದವರು ಪುಟವನ್ನು ಅಂದವಾಗಿ ತುಂಬಿಸಿ, ಫಲ ಕಾಣದಾಗ ತಮ್ಮ ಮನೋಬಲವನ್ನೇ ಹಳಿದುಕೊಳ್ಳುತ್ತಾರೆ.

ಬರವಣಿಗೆಗೆ ಶಕ್ತಿಯಿಲ್ಲವೆಂದು ಇದರ ಅರ್ಥವಲ್ಲ. ಏನನ್ನು ಬರೆಯಲಾಗಿದೆ ಎಂಬುದರಲ್ಲಿ ಅದು ಅಡಗಿದೆ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್, ‘ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುವುದು’ ಎಂದು ಮೊದಲೇ ನಿಶ್ಚಯಿಸಿಕೊಳ್ಳುವ ಯೋಜನೆಯನ್ನು ಬರಿಯ ಗುರಿಯಿಂದ ಬೇರ್ಪಡಿಸಿ ತೋರಿಸಿದರು. ಅವರೂ ಪ್ಯಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದರ ಪರಿಣಾಮ ಗಣನೀಯವಾಗಿತ್ತು. ‘ಈ ತಿಂಗಳು ಹೆಚ್ಚು ಓದಬೇಕು’ ಎಂಬ ಸಾಲಿಗಿಂತ ‘ಕೊಚ್ಚಿಯ ಪಾಲಾರಿವಟ್ಟಂ ನಿಲ್ದಾಣದಲ್ಲಿ ಮೆಟ್ರೊ ಹತ್ತಿದೊಡನೆ ಎರಡು ಪುಟ ಓದುವುದು’ ಎಂಬ ಸಾಲು ಕೆಲಸಕ್ಕೆ ಬರುವುದು ಇದೇ ಕಾರಣಕ್ಕೆ.

ಕೇರಳದ ಮನೆಗಳು ಇದನ್ನು ಪ್ಲಾನರ್ ಇಲ್ಲದೆಯೇ ಬಲ್ಲವು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕರ್ಕಾಟಕ ಮಾಸದಲ್ಲಿ, ಕಾಸರಗೋಡಿನ ತುಳು–ಕನ್ನಡ ಮನೆಗಳು ಆಟಿ ಎನ್ನುವ ಮಳೆಗಾಲದ ಅದೇ ತಿಂಗಳಲ್ಲಿ, ದೀಪ ಹಚ್ಚಿ ಮಲಯಾಳಂ ಕವಿ ಎಳುತ್ತಚ್ಚನ್ ಅವರ ಅಧ್ಯಾತ್ಮ ರಾಮಾಯಣವನ್ನು ದಿನಕ್ಕಿಷ್ಟೆಂದು ಭಾಗ ಮಾಡಿ ಓದಿ, ತಿಂಗಳ ಕೊನೆಗೆ ಗ್ರಂಥವನ್ನು ಮುಗಿಸುವ ಕ್ರಮವಿದೆ. ಇಲ್ಲಿ ದೀಪವೇ ಸೂಚನೆ, ಅದರ ಮುಂದಿನ ಜಾಗವೇ ನೆಲೆ, ಅಂದಿನ ಭಾಗವೇ ಅಳತೆ. ಓದುವವರ ಉತ್ಸಾಹ ಒಂದು ದಿನ ಕುಗ್ಗಿದರೂ ಹೊತ್ತಿಗೆ ಸರಿಯಾಗಿ ದೀಪ ಹೊತ್ತಿಕೊಳ್ಳುವುದರಿಂದ ಓದು ನಿಲ್ಲುವುದಿಲ್ಲ. ಆದರೆ ಇಂಥ ಅನುಷ್ಠಾನವನ್ನು ರೂಢಿಯೊಂದಿಗೆ ಬೆರೆಸಬಾರದು. ವೃಶ್ಚಿಕ ಮಾಸದ ಮೊದಲ ದಿನದಿಂದ ನಡೆಯುವ ಶಬರಿಮಲೆಯ 41 ದಿನಗಳ ಮಂಡಲ ವ್ರತಕ್ಕೆ ಕೊನೆಯ ದಿನ ಮೊದಲೇ ಗೊತ್ತಿರುತ್ತದೆ, ಮಾಲೆ ತೆಗೆದೊಡನೆ ಅದರ ನಿಯಮಗಳೂ ಸಡಿಲವಾಗುತ್ತವೆ. ಹಾಗೆ ಮುಗಿಯುವುದೇ ವ್ರತದ ಸಾರ್ಥಕತೆ. ಬೆಳಗಿನ ನಡಿಗೆಗೆ ಅಂಥ ಕೊನೆಯಿಲ್ಲ.

ಒಂದು ಚೌಕ ಖಾಲಿ ಬಿದ್ದರೆ ಎಲ್ಲವೂ ಹಾಳಾಯಿತೆಂಬ ಭಾವನೆಯೂ ತಪ್ಪು. ಲ್ಯಾಲಿಯವರ ಅಧ್ಯಯನದಲ್ಲಿ ಒಂದು ದಿನದ ತಪ್ಪುವಿಕೆ ರೂಢಿಯ ಬೆಳವಣಿಗೆಯನ್ನು ಗಮನಾರ್ಹವಾಗಿ ಕುಗ್ಗಿಸಲಿಲ್ಲ. ಸಾಲಿನಲ್ಲಿ ಹಲವು ಚೌಕಗಳು ಒಟ್ಟಿಗೆ ಖಾಲಿಯಾದಾಗ ಮಾತ್ರ ಸನ್ನಿವೇಶ ಬದಲಾಗಿದೆಯೇ ಎಂದು ಹುಡುಕಬೇಕು. ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ನಿಶ್ಚಯಿಸಿದ ಸಂಜೆ ನಡಿಗೆ ಜೂನ್‌ನಲ್ಲಿ ನಿಂತರೆ ಅದಕ್ಕೆ ಮುಂಗಾರು ಕಾರಣವೇ ಹೊರತು ಸೋಮಾರಿತನವಲ್ಲ. ಮಳೆಯ ದಿನ ಮನೆಯೊಳಗೆ ಏನು ಮಾಡಬೇಕೆಂಬ ಸಾಲು ಅದೇ ಪುಟದಲ್ಲಿ ಇರಬೇಕಿತ್ತು.

ತಿಂಗಳೆಂಬ ಗಡಿಯೂ ರೂಢಿಯ ಗಡಿಯಲ್ಲ. ಹೊಸ ಆರಂಭದ ದಿನಗಳು ಗುರಿಯ ಕಡೆಗೆ ಮನಸ್ಸನ್ನು ತಿರುಗಿಸುತ್ತವೆ ಎಂದು ಸಂಶೋಧಕರಾದ ಡೈ, ಮಿಲ್ಕ್‌ಮನ್ ಮತ್ತು ರೀಸ್ 2014ರಲ್ಲಿ ತೋರಿಸಿರುವುದರಿಂದ, ಜನವರಿ 1ಕ್ಕೆ ಕಾಯದೆ ಯುಗಾದಿಯನ್ನೋ ಕೇರಳದ ಕೊಲ್ಲವರ್ಷದ ಮೊದಲ ದಿನವಾದ ಚಿಂಗಂ 1ನ್ನೋ ಆರಿಸಿಕೊಳ್ಳಬಹುದು. ಆಗಸ್ಟ್ ನಡುವೆ ಬರುವ ಆ ದಿನ ಆರಂಭಿಸಿದ ರೂಢಿಯ 66ನೆಯ ದಿನ ಕನ್ಯಾ ಮಾಸವನ್ನೂ ದಾಟಿ ತುಲಾ ಮಾಸದಲ್ಲಿ ಬೀಳುತ್ತದೆ. ಆದ್ದರಿಂದ ತಿಂಗಳ ಪುಟ ಮಗುಚುವಾಗ ಹೊಸ ಗುರಿಗಳಿಗೆ ಕೈಹಾಕುವ ಮೊದಲು ಹಿಂದಿನ ಪುಟದ ಅದೇ ಸಾಲನ್ನು, ಅದೇ ಹೊತ್ತು ಮತ್ತು ಅದೇ ಜಾಗದೊಂದಿಗೆ, ಎರಡು ಸಲವಾದರೂ ನಕಲು ಮಾಡಿಕೊಳ್ಳಬೇಕಾಗುತ್ತದೆ.