ಗಣಕಯಂತ್ರದ ಕುಂಚಗಳನ್ನು ಅಣಿಗೊಳಿಸುವ ಬಗೆ

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ಗ್ರಾಮದ ಕಲ್ಮೇಶ್ವರ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಆಕೆ ಬರೆಯುತ್ತಿರುವುದು ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಪ್ರಶಂಸೆಯನ್ನು. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಆಕೆಗೆ ಒಂದೇ ಲೇಖನಿ ಸಾಕಾಯಿತು. ಆದರೆ ಇಂದು ಆಕೆಯ ಚಿತ್ರವನ್ನು ಗಣಕಯಂತ್ರದಲ್ಲಿ ಬರೆಯಹೊರಟ ವಿದ್ಯಾರ್ಥಿಯ ಮುಂದೆ ನೂರಕ್ಕೂ ಮಿಕ್ಕಿ ಕುಂಚಗಳು ಸಾಲುಗಟ್ಟಿ ನಿಲ್ಲುತ್ತವೆ. ಇವುಗಳಲ್ಲಿ ಯಾವುದನ್ನು ಕೈಗೆತ್ತಿಕೊಳ್ಳಬೇಕು?

ಮೊದಲು ಈ ಕುಂಚವೆಂದರೇನೆಂಬುದನ್ನು ನೋಡೋಣ. ನಿಜವಾದ ಕುಂಚದಲ್ಲಿ ಕೂದಲುಂಟು. ಗಣಕಯಂತ್ರದ ಕುಂಚದಲ್ಲಿರುವುದು ಲೆಕ್ಕ ಮಾತ್ರ. ನಾವು ಎಳೆದ ಹಾದಿಯುದ್ದಕ್ಕೂ ಯಂತ್ರವು ಒಂದು ಚಿಕ್ಕ ಅಚ್ಚನ್ನು ಮತ್ತೆ ಮತ್ತೆ ಒತ್ತುತ್ತ ಹೋಗುತ್ತದೆ. ಅಚ್ಚಿನ ವ್ಯಾಸ 40 ಪಿಕ್ಸೆಲ್ ಆಗಿದ್ದು, ಅಚ್ಚುಗಳ ನಡುವಣ ಅಂತರ ಅದರ ಹತ್ತನೆಯ ಒಂದು ಭಾಗವಾದರೆ, ಪ್ರತಿ 4 ಪಿಕ್ಸೆಲಿಗೆ ಒಂದು ಅಚ್ಚು ಬೀಳುತ್ತದೆ. ಕಣ್ಣಿಗೆ ಅದು ಅಖಂಡವಾದ ಗೆರೆ. ಅಂತರವನ್ನು 60 ಪಿಕ್ಸೆಲಿಗೆ ಏರಿಸಿದರೆ ಅದೇ ಗೆರೆ ಬಿಡಿ ಚುಕ್ಕೆಗಳ ಸಾಲಾಗುತ್ತದೆ. ಲೇಖನಿಯನ್ನು ಒತ್ತಿದಷ್ಟೂ ಗೆರೆ ದಪ್ಪವಾಗಬೇಕೆ, ಬಣ್ಣ ಗಾಢವಾಗಬೇಕೆ ಎಂಬುದು ಇನ್ನೊಂದು ಲೆಕ್ಕ. ಇವೆಲ್ಲವನ್ನೂ ಒಟ್ಟುಗೂಡಿಸಿ, ಹೆಸರಿಟ್ಟು ಉಳಿಸಿದ ಕಡತಕ್ಕೆ ‘ಬ್ರಷ್ ಪ್ರೀಸೆಟ್’ ಎನ್ನುತ್ತಾರೆ.

ಉಚಿತವಾಗಿ ದೊರೆಯುವ ‘ಕ್ರಿಟಾ’ ಎಂಬ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಸ್ವೀಡಿಷ್ ಭಾಷೆಯಲ್ಲಿ ಈ ಹೆಸರಿಗೆ ಸೀಮೆಸುಣ್ಣವೆಂದು ಅರ್ಥ. ಅದರೊಡನೆ ಬರುವ ಕುಂಚಗಳು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿವೆ: ಮೊದಲು ಅಳಿಸುವವು, ಬಳಿಕ ಸಾಮಾನ್ಯ ಕುಂಚಗಳು, ಅನಂತರ ಪೆನ್ಸಿಲ್, ಆಮೇಲೆ ಮಸಿ. ಇದು ಅಂಗಡಿಯ ಕ್ರಮ. ಒಂದೇ ಜಾತಿಯ ಸಾಮಾನು ಒಂದೆಡೆ. ಆದರೆ ಅಡುಗೆಮನೆಯಲ್ಲಿ ನಾವು ಹಾಗೆ ಮಾಡುವುದಿಲ್ಲ. ಸಾಸಿವೆ, ಜೀರಿಗೆ, ಅರಿಸಿನ ಬೇರೆ ಬೇರೆ ಜಾತಿಯವಾದರೂ ಒಗ್ಗರಣೆಯ ಡಬ್ಬಿಯಲ್ಲಿ ಒಟ್ಟಿಗಿರುತ್ತವೆ. ಅದು ಕೆಲಸದ ಕ್ರಮ.

ಶಿಲಾಬಾಲಿಕೆಯ ಚಿತ್ರಕ್ಕೆ ಬೇಕಾದುವು ನಾಲ್ಕೇ: ಕರಡಿಗೆ ಪೆನ್ಸಿಲ್, ಹೊರಗೆರೆಗೆ ಮಸಿ, ಕಲ್ಲಿನ ಮೈಗೆ ಒರಟು ಕುಂಚ, ತಿದ್ದಲು ಅಳಿಸುವ ಕುಂಚ. ಇವಕ್ಕೆ ‘ಶಿಲ್ಪ’ ಎಂಬ ಟ್ಯಾಗ್, ಎಂದರೆ ಗುರುತುಚೀಟಿ, ಅಂಟಿಸೋಣ. ಆ ಟ್ಯಾಗನ್ನು ಆರಿಸಿದೊಡನೆ ಉಳಿದವು ಮರೆಯಾಗುತ್ತವೆ, ಅಳಿದುಹೋಗುವುದಿಲ್ಲ. ನಾಳೆ ಬಸವಕಲ್ಯಾಣದ ಕೋಟೆಯ ಗೋಡೆಯನ್ನು ಬರೆಯುವಾಗಲೂ ಅದೇ ಒರಟು ಕುಂಚ ಬೇಕಷ್ಟೆ? ಅದಕ್ಕೆ ‘ಕೋಟೆ’ ಎಂಬ ಇನ್ನೊಂದು ಚೀಟಿ ಸಾಕು, ಪ್ರತಿ ಮಾಡಬೇಕಾಗಿಲ್ಲ. ಗ್ರಂಥಾಲಯದಲ್ಲಿ ಒಂದೇ ಪುಸ್ತಕಕ್ಕೆ ಕರ್ತೃವಿನ ಹೆಸರಿನಲ್ಲೊಂದು, ವಿಷಯದ ಹೆಸರಿನಲ್ಲೊಂದು ಕಾರ್ಡು ಇರುವಂತೆಯೇ ಇದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಚೀಟಿ ಎರಡಾದರೂ ಕುಂಚ ಒಂದೇ. ಶಿಲ್ಪಕ್ಕೆಂದು ಅದರ ಗಾತ್ರವನ್ನು ಬದಲಿಸಿ ಅದೇ ಹೆಸರಿನಲ್ಲಿ ಉಳಿಸಿದರೆ, ಕೋಟೆಯ ಚಿತ್ರಕ್ಕೂ ಬದಲಾದ ಕುಂಚವೇ ಬರುತ್ತದೆ. ಆದುದರಿಂದ ಬದಲಾವಣೆಯನ್ನು ಯಾವಾಗಲೂ ಹೊಸ ಹೆಸರಿನಲ್ಲಿಯೇ ಉಳಿಸಬೇಕು. ಹೆಸರು ಕುಂಚದ ಕೆಲಸವನ್ನು ಹೇಳುವಂತಿರಲಿ. ‘ಹೊಸದು 2’ ಎಂಬ ಹೆಸರಿನಿಂದ ಆರು ತಿಂಗಳ ಮೇಲೆ ನಮಗೇ ಏನೂ ತಿಳಿಯದು.

ಇಷ್ಟು ಶ್ರಮವೇಕೆ? ಚಿತ್ರಕಲೆಯಲ್ಲಿ ಪಳಗಬೇಕಾದುದು ಕೈ. ಪ್ರತಿ ಗೆರೆಗೂ ಹೊಸ ಕುಂಚವನ್ನು ಅರಸುವವನ ಕಣ್ಣು ಚಿತ್ರದ ಮೇಲಿರದೆ ಪಟ್ಟಿಯ ಮೇಲಿರುತ್ತದೆ. ಯಾವ ಕುಂಚದ ಗುಣವೂ ಅವನ ಕೈಗೆ ಹತ್ತುವುದಿಲ್ಲ. ಮೊದಲು ನಾಲ್ಕು ಕುಂಚಗಳಿಂದಲೇ ಒಂದು ಚಿತ್ರವನ್ನು ಮುಗಿಸೋಣ. ಅವುಗಳಿಂದ ಆಗದ ಕೆಲಸವೊಂದು ಎದುರಾದಾಗ ಐದನೆಯದನ್ನು ಸೇರಿಸಿಕೊಳ್ಳೋಣ.