ಚಕ್ರದ ಮೇಲಿನ ಮನೆ: ಮನೆಯೋ, ವಾಹನವೋ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಚಕ್ರವಿರುವ ಪುಟ್ಟ ಮನೆ ಕೊಳ್ಳುತ್ತಾನಂತೆ. ಕಾನೂನು ಅದನ್ನು ಮನೆ ಎಂದು ಒಪ್ಪುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಚಕ್ರ ಇರುವವರೆಗೆ ಹೆಚ್ಚಿನ ಊರುಗಳಲ್ಲಿ ಅದು ಪ್ರವಾಸಿ ವಾಹನದ ಲೆಕ್ಕ. ರಜೆಗೆ ತಂಗಬಹುದು, ವರ್ಷವಿಡೀ ಸಂಸಾರ ಹೂಡುವುದಕ್ಕೆ ಅನುಮತಿ ಕಷ್ಟ.

ಅದೇ ಮನೆಯನ್ನು ಅಡಿಪಾಯದ ಮೇಲೆ ಕೂರಿಸಿದರೆ ಕಥೆ ಬೇರೆ. ವಸತಿ ಕಟ್ಟಡಗಳ ಮಾದರಿ ಸಂಹಿತೆಗೆ 2018ರಲ್ಲಿ ಪುಟ್ಟ ಮನೆಗಳಿಗೆಂದೇ ಒಂದು ಅನುಬಂಧ ಸೇರಿತು. ಅಟ್ಟ ಬಿಟ್ಟು 400 ಚದರಡಿಯೊಳಗಿನ ಮನೆಗೆ ಅದು ಅನ್ವಯ. ವಾಸದ ಜಾಗದಲ್ಲಿ ಚಾವಣಿ 6 ಅಡಿ 8 ಅಂಗುಲ ಎತ್ತರವಿದ್ದರೆ ಸಾಕು, ಅಟ್ಟಕ್ಕೆ ಏಣಿಯೂ ನಡೆಯುತ್ತದೆ. ಆದರೆ ರಾಜ್ಯವೋ ನಗರವೋ ಆ ಅನುಬಂಧವನ್ನು ಅಂಗೀಕರಿಸಿರಬೇಕು. ತೊಡಕೆಲ್ಲ ಇರುವುದು ಇಲ್ಲೇ.

ಕಾರ್ಖಾನೆಯಲ್ಲಿ ಚಾಸಿ ಮೇಲೆ ಕಟ್ಟಿ ಸಾಗಿಸುವ ದೊಡ್ಡ ಮನೆಗಳದು ಮೂರನೆಯ ಜಾತಿ. 1976ರ ಜೂನ್ 15ರಿಂದ ಅವಕ್ಕೆ ಕೇಂದ್ರ ಸರ್ಕಾರದ್ದೇ ಸಂಹಿತೆ. ಅದರಂತೆ ಕಟ್ಟಿದ್ದಕ್ಕೆ ಗುರುತಾಗಿ ಹೊರಗೋಡೆಗೆ ಕೆಂಪು ಲೋಹದ ಪಟ್ಟಿ ಹೊಡೆದಿರುತ್ತಾರೆ. ಬಿಡಿಬಿಡಿಯಾಗಿ ತಂದು ಜೋಡಿಸುವ ಮಾಡ್ಯುಲರ್ ಮನೆಗೆ ಮಾತ್ರ ಮಾಮೂಲಿ ಕಟ್ಟಡದ ನಿಯಮವೇ.

ಮುಂಗಡ ಕೊಡುವ ಮೊದಲು ನಿವೇಶನವಿರುವ ಊರಿನ ವಲಯ ನಿಯಮವನ್ನು ಮಗ ವಿಚಾರಿಸಲಿ. ಮಾರುವವರು ಅದನ್ನು ತಾವಾಗಿ ಹೇಳುವುದು ಅಪರೂಪ.